ಪದರ ಕೂಡಿಸುವ ಅಂಜಿಕೆಗೆ ನಿಂತ ಕೌದಿ

ಕುಷ್ಟಗಿಯ ಸಹೋದರಿಯವರಿಗೆ ನಮಸ್ಕಾರ. ತುಂಡುಗಳನ್ನೆಲ್ಲ ಜೋಡಿಸಿ ಮೇಲ್ಪದರ ಮುಗಿಸಿದ್ದರೂ, ಪದರಗಳನ್ನು ಕೂಡಿಸುವಾಗ ಸುಕ್ಕು ಬೀಳಬಹುದೆಂಬ ಭಯದಿಂದ ಕೌದಿಯನ್ನು, ಅಂದರೆ ಹಳೆಯ ಬಟ್ಟೆಗಳ ಪದರಗಳನ್ನು ಕೂಡಿಸಿ ಹೊಲಿಯುವ ಹೊದಿಕೆಯನ್ನು, ಪೆಟ್ಟಿಗೆಯಲ್ಲಿಟ್ಟಿದ್ದೀರಿ, ಮುಂದೇನು ಮಾಡಬೇಕೆಂದು ಕೇಳಿದ್ದೀರಿ. ಸುಕ್ಕು ಬಹುಮಟ್ಟಿಗೆ ಹುಟ್ಟುವುದು ಹಾಸುವಾಗಲೇ. ಆದ್ದರಿಂದ ಅಲ್ಲಿ ಆತುರಪಡಬೇಡಿ.

ಅಡಿಯ ಸೀರೆಯನ್ನು ಒಗೆದು ಒಣಗಿಸಿ, ಒಳಮೈ ಮೇಲಾಗುವಂತೆ ಫರಸಿ ನೆಲದ ಮೇಲೆ ಬಿಗಿಯಾಗಿ ಹರವಿ, ನಾಲ್ಕೂ ಮೂಲೆಗಳಿಗೆ ಭಾರವಿಡಿ. ಅದರ ಮೇಲೆ ಹಳೆಯ ಧೋತರ, ಬಳಿಕ ಮೇಲ್ಪದರ. ಪ್ರತಿ ಸಲವೂ ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರುತ್ತ ಬಂದರೆ ಮಡಿಕೆಗಳು ಹೊರಗೆ ಸರಿಯುತ್ತವೆ. ನಂತರ ಎದ್ದು ಕಾಣುವ ಬಣ್ಣದ ದಾರದಿಂದ, ಸಾಲಿಗೆ ಸಾಲು ಗೇಣು ಅಂತರವಿರುವಂತೆ, ನಡುವಿನಿಂದಲೇ ಉದ್ದುದ್ದ ಕಚ್ಚಾ ಹೊಲಿಗೆ (ಆಮೇಲೆ ಕಿತ್ತುಬಿಡುವ ತಾತ್ಕಾಲಿಕ ಹೊಲಿಗೆ) ಹಾಕಿ. ಬೇಸರದ ಕೆಲಸವೆಂದು ಇದನ್ನು ಬಿಟ್ಟವರೇ ಆಮೇಲೆ ಬಿಚ್ಚುತ್ತ ಕೂರುತ್ತಾರೆ. ಪಾಲಿಸ್ಟರ್ ಸೀರೆ ಜಾರುವುದರಿಂದ ಒಳಗೆ ಸೇರಿಸಬೇಡಿ. ಇಳಕಲ್ ಸೀರೆಯ ಹತ್ತಿಯ ಒಡಲು ಸಿಕ್ಕರೆ ಬಹಳ ಒಳ್ಳೆಯದು.

ಅಂಚುಗಳನ್ನು ಒಳಕ್ಕೆ ಮಡಚಿ ಹೊಲಿದ ಮೇಲೆ, ನಮ್ಮ ಕಡೆಯ ಕೌದಿಗಳಲ್ಲಿರುವಂತೆ ಅಂಚಿನಿಂದ ಒಳಗೆ ಸುತ್ತುತ್ತ ಸಣ್ಣ ಹೊಲಿಗೆಯ ಸಾಲುಗಳನ್ನು ಹಾಕಿ. ಎಲ್ಲಿಯಾದರೂ ಬಟ್ಟೆ ಉಬ್ಬಿದರೆ ಆ ಸಾಲನ್ನಷ್ಟೇ ಬಿಚ್ಚಿದರೆ ಸಾಕು; ಉಳಿದದ್ದನ್ನು ಕಚ್ಚಾ ಹೊಲಿಗೆ ಹಿಡಿದಿರುತ್ತದೆ. ಕೊನೆಯ ಸಾಲು ಮುಗಿಯುವವರೆಗೆ ಅದನ್ನು ಕೀಳಬೇಡಿ.