ವರ್ಲ್ಡ್ ಸೀರೀಸ್ ಗೆದ್ದರೆ ಕ್ಲಬ್‌ಹೌಸ್ ಹುಡುಗರಿಗೇನು?

ಅಮೆರಿಕದ ಬೇಸ್‌ಬಾಲ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸನ್ನು ಒಂದು ತಂಡ ಗೆದ್ದಾಗ, ಅದರ ಕ್ಲಬ್‌ಹೌಸ್ (ಆಟಗಾರರ ಡ್ರೆಸಿಂಗ್ ರೂಮ್) ಕೆಲಸದವರಿಗೂ ದುಡ್ಡು ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗಬಹುದು, ಆದರೆ ಅದು ಆಟಗಾರರ ಕೈಯಲ್ಲಿದೆ. ಪ್ಲೇಆಫ್ ಅಂದರೆ ಸೀಸನ್ ಕೊನೆಯ ನಾಕೌಟ್ ಸುತ್ತುಗಳ ಟಿಕೆಟ್ ಹಣದಲ್ಲಿ ಒಂದು ಭಾಗ ಆಟಗಾರರಿಗೆ ಹೋಗುತ್ತದೆ. ಯಾರಿಗೆ ಪೂರ್ತಿ ಪಾಲು, ಯಾರಿಗೆ ಅರ್ಧ, ಯಾರಿಗೆ ಸುಮ್ನೆ ಒಂದಿಷ್ಟು ನಗದು ಅಂತ ಅವರೇ ಕೂತು ವೋಟು ಹಾಕುತ್ತಾರೆ. 2023ರಲ್ಲಿ ಗೆದ್ದ ಟೆಕ್ಸಾಸ್ ರೇಂಜರ್ಸ್‌ನಲ್ಲಿ ಪೂರ್ತಿ ಪಾಲೇ 5 ಲಕ್ಷ ಡಾಲರ್ ದಾಟಿತ್ತು! ಅರ್ಧ ಸಿಕ್ಕರೂ ಜಾಸ್ತಿನೇ ಅಲ್ವಾ?

ಉಳಿದ ದಿನ ಈ ಹುಡುಗರು ಆಟಗಾರರು ಕೊಡುವ ಟಿಪ್ಸನ್ನೂ ನೆಚ್ಚಿಕೊಂಡಿರುತ್ತಾರೆ. ಕೆಲಸವೋ, ಮುಗಿಯುವಂಥದ್ದಲ್ಲ. ಜರ್ಸಿ ಒಗೆಯಬೇಕು, ಶೂ ಉಜ್ಜಬೇಕು. ಹೊಸ ಚೆಂಡು ಜಾರದಂತೆ ಪ್ರತಿಯೊಂದಕ್ಕೂ ನ್ಯೂಜೆರ್ಸಿಯ ಕೆಸರು ಹಚ್ಚಿ ಅರ್ಧ ನಿಮಿಷ ತಿಕ್ಕಬೇಕು. ಇವರ ಪಾಲನ್ನು ಆಟಗಾರರ ಮರ್ಜಿಗೆ ಬಿಟ್ಟಿರುವುದು ನನಗಂತೂ ಸರಿ ಕಾಣುವುದಿಲ್ಲ.