ಆ ಗಹಗಹಿಕೆ ನಟನ ತಪ್ಪೇ?

ಪ್ರಶ್ನೆ: ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಖಳ ‘ಮಾಸ್ಟರ್’ ಆಗಿ ಆಂಟನಿ ಐನ್ಲಿ ಅತಿಯಾಗಿ ನಟಿಸಿದರೆಂದು ಅಭಿಮಾನಿಗಳು ದೂರುತ್ತಾರೆ. ಒಪ್ಪುತ್ತೀರಾ? ಎಲ್ಲಿಂದ ನೋಡಲು ಶುರುಮಾಡಲಿ?

ಉತ್ತರ: ಅರ್ಧ ಒಪ್ಪಬಹುದು. 1971–73ರಲ್ಲಿ ಈ ಪಾತ್ರ ಮಾಡಿದ ರೋಜರ್ ಡೆಲ್ಗಾಡೊ ದನಿ ಏರಿಸದೆ, ನಯವಾಗಿ ಮಾತಾಡಿಯೇ ನಡುಕ ಹುಟ್ಟಿಸುತ್ತಿದ್ದರು. 1981ರಲ್ಲಿ ಬಂದ ಐನ್ಲಿಗೂ ಅದೇ ಬಗೆಯ ಗಡ್ಡ, ಕಪ್ಪು ಉಡುಪು. ಹೋಲಿಕೆ ತಪ್ಪಿದ್ದಲ್ಲ, ಐನ್ಲಿಯ ಆ ಗಹಗಹಿಕೆ ಕಿವಿಗೆ ಚುಚ್ಚಿದ್ದೂ ಸುಳ್ಳಲ್ಲ.

ಆದರೆ ಬರವಣಿಗೆಯನ್ನೂ ನೋಡಿ. ಧಾರಾವಾಹಿಯ ‘ಟೈಮ್-ಫ್ಲೈಟ್’ ಕಥೆಯಲ್ಲಿ (1982) ಅವರು ಮಾಂತ್ರಿಕನ ವೇಷದಲ್ಲಿರುತ್ತಾರೆ, ಸುತ್ತ ಯಾರೂ ಇಲ್ಲದಾಗಲೂ ವೇಷ ಕಳಚುವುದಿಲ್ಲ. ಯಾಕೆ? ಕಥೆಯಲ್ಲಿ ಉತ್ತರವೇ ಇಲ್ಲ. ‘ದಿ ಮಾರ್ಕ್ ಆಫ್ ದಿ ರಾಣಿ’ಯಲ್ಲಿ (1985) ಹೊಲದ ಬೆದರುಬೊಂಬೆಯಾಗಿ ನಿಲ್ಲಿಸಿದರು! ಇಂಥ ಸನ್ನಿವೇಶವನ್ನು ಗಂಭೀರವಾಗಿ ನಟಿಸುವುದು ಯಾರಿಗೆ ಸಾಧ್ಯ?

ಮೊದಲು ‘ದಿ ಕೀಪರ್ ಆಫ್ ಟ್ರಾಕೆನ್’ ನೋಡಿ. ಅದರಲ್ಲಿ ಐನ್ಲಿ ಸಜ್ಜನ ಟ್ರೆಮಾಸ್. ಕೊನೆಯಲ್ಲಿ ಮಾಸ್ಟರ್ ಅವನ ದೇಹವನ್ನೇ ಕಬಳಿಸುತ್ತಾನೆ. ಅದೇ ನಟ, ಅದೇ ಮುಖ, ಆದರೆ ಎರಡು ಬೇರೆ ಜೀವಗಳು. ಕಥೆ ‘ಲೋಗೊಪೊಲಿಸ್’, ‘ಕ್ಯಾಸ್ಟ್ರೊವಾಲ್ವಾ’ಗಳಲ್ಲಿ ಮುಂದುವರಿಯುತ್ತದೆ, ಮೂರಕ್ಕೂ ನಾಲ್ಕು ನಾಲ್ಕು ಕಂತು. ಬಳಿಕ ನೇರವಾಗಿ 1989ರ ‘ಸರ್ವೈವಲ್’ಗೆ ಹೋಗಿ, ಮೂರೇ ಕಂತು. ಅಲ್ಲಿ ಗಹಗಹಿಕೆ ಇಳಿದಿದೆ. ತಾನೇ ಮೃಗವಾಗುತ್ತಿರುವ ಭಯ, ಹಳದಿ ಕಣ್ಣು, ಬಿಗಿಹಿಡಿದ ದನಿ. ಅವರನ್ನು ಹಳಿಯುವವರಲ್ಲೂ ಹಲವರು ಮೆಚ್ಚುವ ಅಭಿನಯ ಇದು. ‘ಟೈಮ್-ಫ್ಲೈಟ್’ ಬಿಟ್ಟರೂ ನಷ್ಟವಿಲ್ಲ.