ಡೆಲ್‌ಮಾರ್ಕ್: ಬ್ಲೂಸ್ ಜೊತೆಗೇ ಒಂಟಿ ಸ್ಯಾಕ್ಸೊಫೋನ್

ಬ್ಲೂಸ್ ಗಾಯಕ ಜೂನಿಯರ್ ವೆಲ್ಸ್ ಇಷ್ಟವಾಯ್ತು ಅಂತ ಡೆಲ್‌ಮಾರ್ಕ್‌ನ ಇನ್ನೊಂದು ರೆಕಾರ್ಡ್ ಹಾಕಿದರೆ ಜಾಝ್ ಸ್ಯಾಕ್ಸೊಫೋನ್ ವಾದಕ ಆಂಥೊನಿ ಬ್ರಾಕ್ಸ್‌ಟನ್ ಬಂದ, ಇವೆರಡೂ ಒಂದೇ ಕಂಪನಿಯದ್ದಾ ಅಂತ ಕೇಳಿದ್ದೀರಿ. ಹೌದು, ಒಂದೇ.

ಬಾಬ್ ಕೋಸ್ಟರ್ ಈ ರೆಕಾರ್ಡ್ ಕಂಪನಿಯನ್ನು 1953ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಶುರು ಮಾಡಿದ್ದು. ಹೆಸರು ಅಲ್ಲಿನ ಡೆಲ್ಮಾರ್ ರಸ್ತೆಯಿಂದ ಬಂತು. 1958ರಲ್ಲಿ ಶಿಕಾಗೋಗೆ ಹೋದ. ಅಲ್ಲಿ ಅವನ ರೆಕಾರ್ಡ್ ಅಂಗಡಿಯೂ ಇತ್ತು, ನನ್ನ ಪ್ರಕಾರ ಗುಟ್ಟೆಲ್ಲ ಆ ಅಂಗಡಿಯಲ್ಲೇ ಇದೆ. ಬ್ಲೂಸ್ ಹುಚ್ಚರೂ ಜಾಝ್ ಹುಚ್ಚರೂ ಒಂದೇ ಬಾಗಿಲಲ್ಲಿ ಒಳಗೆ ಬರ್ತಿದ್ದರು. ಜಾಝ್ ಸ್ಯಾಕ್ಸೊಫೋನ್ ವಾದಕ ರಾಸ್ಕೋ ಮಿಚೆಲ್‌ನ 'ಸೌಂಡ್' (1966) ಹೊರಬರಲು ಕಾರಣ ಅಲ್ಲಿ ಕೆಲಸಕ್ಕಿದ್ದ ಚಕ್ ನೆಸ್ಸಾ. ಬ್ರಾಕ್ಸ್‌ಟನ್‌ನ 'ಫಾರ್ ಆಲ್ಟೊ' ಅದೇ ದಾರಿಯಲ್ಲಿ ಬಂದದ್ದು: ಎರಡು ಎಲ್‌ಪಿ ತುಂಬ ಒಂದೇ ಸ್ಯಾಕ್ಸೊಫೋನ್, ತಾಳಕ್ಕೂ ಯಾರೂ ಇಲ್ಲ. 1971ರಲ್ಲಿ ಇದನ್ನು ಮಾರಾಟಕ್ಕಿಡೋಕೆ ನಿಜಕ್ಕೂ ಗುಂಡಿಗೆ ಬೇಕಿತ್ತು.

ಜೂನಿಯರ್ ವೆಲ್ಸ್‌ನ ನಿಮ್ಮ ಆ 'ಹೂಡೂ ಮ್ಯಾನ್ ಬ್ಲೂಸ್' (1965) ಮತ್ತೊಮ್ಮೆ ಹಾಕಿ, ಗಿಟಾರ್ ಮಾತ್ರ ಕೇಳಿ. ಕೆಲವು ಹಾಡುಗಳಲ್ಲಿ ಅದು ನೀರಲ್ಲಿ ಅಲುಗಾಡಿದ ಹಾಗೆ ಕೇಳುತ್ತೆ. ಆಂಪ್ಲಿಫೈಯರ್ ಕೆಟ್ಟಿತ್ತು, ಅದಕ್ಕೇ ಗಿಟಾರನ್ನು ಹ್ಯಾಮಂಡ್ ಆರ್ಗನ್‌ನ ತಿರುಗೋ ಸ್ಪೀಕರ್‌ಗೆ ಜೋಡಿಸಿದ್ದರು. ನುಡಿಸಿದ್ದು ಬಡ್ಡಿ ಗೈ. ಬೇರೆ ಕಂಪನಿಯ ಒಪ್ಪಂದದ ಭಯಕ್ಕೆ ಮೊದಲ ಪ್ರತಿಗಳಲ್ಲಿ ಅವನ ಹೆಸರು 'ಫ್ರೆಂಡ್ಲಿ ಚಾಪ್' ಅಂತಿತ್ತು!

ಬ್ರಾಕ್ಸ್‌ಟನ್‌ಗೆ ಈಗಲೇ ಕೈ ಹಾಕಬೇಡಿ. ಮೊದಲು ಬ್ಲೂಸ್ ಗಿಟಾರ್ ವಾದಕ ಮ್ಯಾಜಿಕ್ ಸ್ಯಾಮ್‌ನ 'ವೆಸ್ಟ್ ಸೈಡ್ ಸೋಲ್', ಆಮೇಲೆ 'ಸೌಂಡ್'. ರಾತ್ರಿ, ಮನೆ ನಿಶ್ಶಬ್ದ ಆದ ಮೇಲೆ ಕೇಳಿ. ಅದರಲ್ಲಿ ಮೌನಕ್ಕೂ ಪಾಲಿದೆ.